13 ಲಕ್ಷದ ಮೋಟಾರ್ ಹೋಮ್ ಬಿಟ್ಟು 3.35 ಲಕ್ಷದ ಈಕೋ ತಗೊಂಡ ಕಥೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾರುತಿ ಈಕೋ ವ್ಯಾನಿಗೆ. ಹೈದರಾಬಾದಿನ ಮೋಟಾರ್ ಹೋಮ್‌ಗೆ (ಒಳಗೇ ಮನೆ ಹಾಗೆ ಮಾಡಿಸಿದ ಗಾಡಿ) 25 ಸಾವಿರ ಅಡ್ವಾನ್ಸ್ ಕೊಟ್ಟು 15 ಸಾವಿರ ಮಾತ್ರ ವಾಪಸ್ ತಂದವನು ನಾನು, ಸಿಟ್ಟು ಇನ್ನೂ ಇದೆ.

ನಾವು ಕಲಬುರಗಿಯವರು, ಓಡಾಡುವುದು ನಾನು ಮತ್ತು ಮನೆಯವಳು ಇಬ್ಬರೇ. ಗಾಣಗಾಪುರ, ತುಳಜಾಪುರ, ಪಂಢರಪುರ, ವರ್ಷಕ್ಕೊಮ್ಮೆ ಶ್ರೀಶೈಲ. ಜಾತ್ರೆ ಹೊತ್ತಿನಲ್ಲಿ ಲಾಡ್ಜ್ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಗಾಡಿಯಲ್ಲೇ ಮಲಗೋಣ ಅನ್ನಿಸಿದ್ದು ಅದಕ್ಕೇ.

ಮೂರು ಗಾಡಿ ನೋಡಿದೆವು. ಸೋಲಾಪುರದ ಹತ್ತಿರ ಹಳೇ ಆಂಬುಲೆನ್ಸ್ ಅನ್ನೇ ಮನೆ ಮಾಡಿಕೊಂಡಿದ್ದ ಒಂದು, 5 ಲಕ್ಷ. ಕೆಳಗೆ ಬಗ್ಗಿ ನೋಡಿದರೆ ಚಾಸಿ ತುಂಬ ತುಕ್ಕು. ಚಹಾ ಕುಡಿದು ವಾಪಸ್ ಬಂದೆವು.

ಹೈದರಾಬಾದಿನದು 2015ರ ಟೆಂಪೋ ಟ್ರಾವೆಲರ್. ಒಳಗೆ ಮಂಚ, ಸಿಂಕ್, ಫ್ರಿಜ್, ಇನ್ವರ್ಟರ್, ಕಿಟಕಿಗೆ ಪರದೆ. ಫೋಟೋ ನೋಡಿದರೆ ಯಾರಾದರೂ ಮರುಳಾಗಬೇಕು. ಬೆಲೆ 13 ಲಕ್ಷ. ಯಾಕಿಷ್ಟು ಅಂದರೆ 2019ರ ಬಿಲ್ ತೋರಿಸಿದರು, ಒಳಗಿನ ಕೆಲಸಕ್ಕೇ 6.5 ಲಕ್ಷ ಆಗಿದೆಯಂತೆ. ಅಲ್ಲ, ಹಳೇ ಮಂಚದ ಬಿಲ್ ತೋರಿಸಿ ಹೊಸ ಮಂಚದ ದುಡ್ಡು ಕೇಳಿದರೆ ಹೇಗೆ?

ನಾನು ಲೆಕ್ಕ ಹಾಕಿದ್ದು ಹೀಗೆ. ಅದೇ ವರ್ಷದ, ಒಳಗೆ ಏನೂ ಕೆಲಸ ಮಾಡಿಸದ ಟ್ರಾವೆಲರ್ ಎಷ್ಟಕ್ಕೆ ಸಿಗುತ್ತದೆ ಅಂತ ನಮ್ಮ ಕಡೆ ಮೂರು ಜನರನ್ನು ಕೇಳಿದೆ. ಐದು, ಐದೂವರೆ ಅಂದರು. ಅದರ ಮೇಲೆ, ಒಳಗಿನ ಸಾಮಾನಿನಲ್ಲಿ ಇವತ್ತು ನನ್ನ ಕಣ್ಣೆದುರು ಕೆಲಸ ಮಾಡಿದ್ದಕ್ಕೆ ಮಾತ್ರ ಬೆಲೆ. ಬ್ಯಾಟರಿ ಸತ್ತಿತ್ತು. ಸಿಂಕ್ ಕೆಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಿತ್ತು, ಹೆಬ್ಬೆರಳು ಒತ್ತಿದರೆ ಸಾರಿನಲ್ಲಿ ನೆನೆದ ರೊಟ್ಟಿ ಹಾಗೆ ಒಳಗೆ ಹೋಯಿತು. ಎಷ್ಟು ಎಳೆದರೂ 7 ಲಕ್ಷ ದಾಟಲಿಲ್ಲ. ಆದರೂ ಹತ್ತಕ್ಕೆ ಇಳಿಸುತ್ತಾರೆ ಅನ್ನುವ ಆಸೆಗೆ ಬಿದ್ದು ಅಡ್ವಾನ್ಸ್ ಕೊಟ್ಟೆ. ಮನೆಯವಳು ಸಿಂಕ್ ನೋಡಿ ಅಂದಿದ್ದಳು: "ಮನ್ಯಾಗ ಭಾಂಡಿ ತಿಕ್ಕೋದು ಸಾಲ್ದಂತ ಗಾಡ್ಯಾಗೂ ತಿಕ್ಬೇಕೇನ್ರಿ?" ಆಗಲೇ ಕೇಳಬೇಕಿತ್ತು.

ನಿಜವಾದ ತಲೆನೋವು ಕಾಗದದ್ದು. ಊರಿಗೆ ಬಂದು ಆರ್‌ಸಿ, ಅಂದರೆ ನೋಂದಣಿ ಪತ್ರದ ಫೋಟೋ ಸರಿಯಾಗಿ ನೋಡಿದೆ. ಒಳಗೆ ಮಂಚ, ಕಾಗದದಲ್ಲಿ ಬಸ್! ಹಳದಿ ಬೋರ್ಡು, ಪೂರ್ತಿ ಸೀಟು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಫಿಟ್ನೆಸ್ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮುಗಿದಿದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇನ್ನೂ ಹಾಗೇ ಕೂತಿದೆ. ಹಳದಿ ಬೋರ್ಡಿನ ಗಾಡಿಗೆ 8 ವರ್ಷ ಆದಮೇಲೆ ಪ್ರತಿ ವರ್ಷ ಫಿಟ್ನೆಸ್ ಮಾಡಿಸಬೇಕು. ಸೀಟೇ ಇಲ್ಲದ ಬಸ್ಸನ್ನು ಯಾರು ಪಾಸ್ ಮಾಡುತ್ತಾರೆ?

ಮಾರುವವನಿಗೆ ಫೋನ್ ಮಾಡಿದರೆ "ಸಬ್ ಹೋ ಜಾತಾ ಸಾಬ್" (ಎಲ್ಲ ಆಗುತ್ತದೆ ಸಾಹೇಬ್ರೆ) ಅನ್ನುತ್ತಾನೆ. ಆಗುವುದು ಹೇಗೆ? ಗಾಡಿಯ ರೂಪ ಬದಲಿಸಿದರೆ ಅದು ಆರ್‌ಸಿಯಲ್ಲಿ ಬರಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಅದಕ್ಕೆ. ಬ್ಯಾಂಕಿನಿಂದ ಫಾರ್ಮ್ 35 ತಂದು ಸಾಲ ತೆಗೆಸಬೇಕು. ಆಮೇಲೆ ಫಾರ್ಮ್ 28ರಲ್ಲಿ ತೆಲಂಗಾಣದ ಎನ್‌ಒಸಿ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ತಕರಾರಿಲ್ಲ ಅನ್ನುವ ಪತ್ರ. ಆಮೇಲೆ ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ ಕೆಎ 32 ನಂಬರ್. ಇದೆಲ್ಲ ಆಗುವ ಮೊದಲು ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ "ಬಸ್ಸಿನಲ್ಲಿ ಮಂಚ ಯಾಕೆ" ಅಂತ. ಇದಕ್ಕಾಗಿ ಹೈದರಾಬಾದಿಗೆ ಪ್ರತಿ ಓಡಾಟಕ್ಕೂ ಹೋಗಿಬರಲು 400 ಕಿಲೋಮೀಟರ್ ಮೇಲೆ. ಈ ಖರ್ಚನ್ನು ಬೆಲೆಯಿಂದ ಕಳೆಯಿರಿ ಅಂದರೆ ಆಸಾಮಿ ಫೋನ್ ಎತ್ತುವುದನ್ನೇ ಬಿಟ್ಟ. ಎರಡು ಸಲ ಹೋಗಿ ಬಾಗಿಲಲ್ಲಿ ಕೂತ ಮೇಲೆ ಆ 15 ಸಾವಿರ ಬಂತು.

ಇನ್ನು ಈಕೋ. 2017ರದು, ಐದು ಸೀಟು, ಬಿಳಿ ಬೋರ್ಡು, ಒಬ್ಬರೇ ಓನರ್, ನಮ್ಮ ಊರಿನದೇ. ಕೇಳಿದ್ದು 3.6 ಲಕ್ಷ. ಟೈರ್ ಮೇಲಿನ ನಾಲ್ಕು ಅಂಕಿ ನೋಡಿದೆ, 1117, ಅಂದರೆ 2017ರ 11ನೇ ವಾರದ್ದು. "ಟೈರ್ ಭಾಳ್ ಚಲೋ ಅದಾವ್ರಿ" ಅಂತಿದ್ದ ಓನರ್‌ಗೆ ಅದನ್ನೇ ತೋರಿಸಿದೆ. ಬಟನ್ (ಟೈರ್ ಮೇಲಿನ ಉಬ್ಬು ಗೆರೆಗಳು) ಸವೆದಿರಲಿಲ್ಲ, ಆದರೆ ರಬ್ಬರ್ ಬಿರುಕು ಬಿಟ್ಟಿತ್ತು. ನಾಲ್ಕು ಟೈರ್ ದುಡ್ಡು ಕಳೆದು, ಚೂರು ಜಗ್ಗಾಡಿ 3.35ಕ್ಕೆ ಮುಗಿಯಿತು. ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಸಹಿ, ಅಷ್ಟೇ. ಎನ್‌ಒಸಿ ತಂಟೆ ಇಲ್ಲ.

ಬಡಿಗೇರನಿಂದ ಮಲಗಲು ಮೂರು ತುಂಡಿನ ಹಲಗೆ ಮಾಡಿಸಿದೆ, 9 ಸಾವಿರ. ಗಾಡಿಗೆ ಒಂದು ಮೊಳೆಯೂ ಹೊಡೆದಿಲ್ಲ, ಬೇಡವಾದಾಗ ತೆಗೆದು ಮನೆಯಲ್ಲಿ ಇಡುತ್ತೇವೆ. ಎದ್ದು ನಿಲ್ಲಲು ಆಗುವುದಿಲ್ಲ, ಪ್ಯಾಂಟ್ ಮಲಗಿಕೊಂಡೇ ಹಾಕಬೇಕು. ಅಡುಗೆ ಹೊರಗೆ, ಸಣ್ಣ ಸಿಲಿಂಡರ್ ಮೇಲೆ.

ನಾಲ್ಕೈದು ಜನರ ಮನೆಯಾದರೆ ಇದು ಸಾಲುವುದಿಲ್ಲ, ಅವರು ಟ್ರಾವೆಲರೇ ನೋಡಲಿ, ಆದರೆ ಆರ್‌ಸಿಯಲ್ಲಿ ಕ್ಯಾಂಪರ್ ಅಂತ ಬರೆದಿರುವುದನ್ನೇ. ಬಿಸಿಲಿಗೆ ಮಾತ್ರ ಈಕೋ ಬೇಡ. ಏಪ್ರಿಲ್‌ನಲ್ಲಿ ಗಾಣಗಾಪುರದಲ್ಲಿ ಒಂದು ರಾತ್ರಿ ಮಲಗಿದೆವು, ತಗಡು ಹನ್ನೊಂದು ಗಂಟೆಗೂ ಕಾದ ಹಂಚಿನಂತಿತ್ತು. ಚಾಪೆ ಎತ್ತಿಕೊಂಡು ಹೊರಗೆ ಬಂದು, ಗಾಡಿ ಪಕ್ಕದಲ್ಲೇ ಮಲಗಿದೆವು.