ನಮ್ಮ ಯೂನಿವರ್ಸಿಟಿ ಆರೋಗ್ಯ ಕೇಂದ್ರ: ಐದಕ್ಕೆ ನಾಲ್ಕು
ಸೆಮಿಸ್ಟರ್ ಪರೀಕ್ಷೆಗೆ ನಾಲ್ಕೇ ದಿನ ಇತ್ತು. ಗಂಟಲು ನೋವು, ಮೂಗು ಸೋರುತ್ತಿತ್ತು, ಮೈ ಬೆಚ್ಚಗಿತ್ತು. ನಮ್ಮ ಹಾಸ್ಟೆಲ್ ಮಹಡಿಯಲ್ಲಿ ಒಂದು ಹಳೇ ಡಬ್ಬ ಇತ್ತು. ಯಾರಿಗೆ ಯಾವ ಮಾತ್ರೆ ಉಳಿದರೂ ಅದರೊಳಗೆ ಹಾಕುತ್ತಿದ್ದೆವು. ಹುಡುಕಿದರೆ ಅಜಿಥ್ರೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಎರಡು ಸಿಕ್ಕಿತು. ಸ್ಟ್ರಿಪ್ಪನ್ನು ಅಡ್ಡಕ್ಕೆ ಕತ್ತರಿಸಿದ್ದರು, ಎಕ್ಸ್‌ಪೈರಿ ದಿನಾಂಕ ಇದ್ದ ತುಂಡೇ ಇರಲಿಲ್ಲ. "ನನಗೆ ಇದರಲ್ಲೇ ವಾಸಿಯಾಯ್ತು ಕಣೇ, ತಗೋ" ಅಂದಳು ರೂಮ್‌ಮೇಟ್. ಒಂದು ನುಂಗಿದೆ. ಬೆಳಿಗ್ಗೆ ಹೊಟ್ಟೆಯೂ ಕೆಟ್ಟಿತು, ಗಂಟಲು ಹಾಗೇ ಇತ್ತು. ಆಗ ಕೇಂದ್ರಕ್ಕೆ ಹೋದೆ.

ಡಾಕ್ಟರ್ ಟಾರ್ಚ್ ಹಿಡಿದು ಗಂಟಲು ನೋಡಿದರು. ಕತ್ತಿನ ಮುಂದೆ ಎರಡೂ ಕಡೆ ಒತ್ತಿ ನೋವಿದೆಯಾ ಅಂದರು. ಇರಲಿಲ್ಲ. ಕೆಮ್ಮು ಇದೆಯಾ ಅಂದರು. ಇತ್ತು. "ಇದು ವೈರಸ್‌ದು. ಆ್ಯಂಟಿಬಯೋಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ ಮಾತ್ರ" ಅಂದರು. ಜ್ವರಕ್ಕೆ ಪ್ಯಾರಾಸಿಟಮಾಲ್ ಬರೆದು, ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಇನ್ನೊಂದು ಮಾತು ನನಗೆ ಹೊಸದು. ನಮ್ಮ ವಯಸ್ಸಿನವರಲ್ಲಿ ಜಾಸ್ತಿ ಕಾಣುವ ಗ್ರಂಥಿ ಜ್ವರದಲ್ಲೂ ಗಂಟಲು ಹೀಗೇ ನೋಯುತ್ತದಂತೆ. ಅದೂ ವೈರಸ್ಸೇ. ಆಗ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್ ನುಂಗಿದರೆ ಎಷ್ಟೋ ಜನರಿಗೆ ಮೈತುಂಬ ಕೆಂಪು ದದ್ದು ಏಳುತ್ತದೆ.

ನಾನು ಓದುತ್ತಿರುವುದು ಮೈಕ್ರೊಬಯಾಲಜಿ. 1928ರಲ್ಲಿ ವಿಜ್ಞಾನಿ ಫ್ಲೆಮಿಂಗ್ ಪೆನಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್ ಕಂಡುಹಿಡಿದದ್ದು, 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಪ್ರಮಾಣದಲ್ಲಿ ತಗೊಂಡರೆ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುತ್ತದೆ ಅಂತ ಎಚ್ಚರಿಸಿದ್ದು, ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ರಾತ್ರಿ ಹತ್ತಕ್ಕೆ ಕೈ ಡಬ್ಬಕ್ಕೇ ಹೋಯಿತು. ಇದು ನನ್ನನ್ನು ತುಂಬಾ ಕಾಡಿತು.

ಮರುದಿನ ಡಬ್ಬವನ್ನೇ ಕೇಂದ್ರದ ಔಷಧಿ ಕೌಂಟರ್‌ಗೆ ಒಯ್ದೆ. ಅಲ್ಲಿನ ಮೇಡಂ ಬೈಯಲಿಲ್ಲ. ಒಂದೊಂದೇ ಸ್ಟ್ರಿಪ್ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟರು. ಅರ್ಧ ಖಾಲಿಯಾದ ಅಮಾಕ್ಸಿಸಿಲಿನ್ ಮೂರು ಇದ್ದವು. ಅಂದರೆ ಮೂರು ಜನ ಡಾಕ್ಟರ್ ಹೇಳಿದಷ್ಟು ದಿನ ತಗೊಂಡಿಲ್ಲ, ಅಲ್ವಾ? ಡಾಕ್ಸಿಸೈಕ್ಲಿನ್ ಅನ್ನೋ ಇನ್ನೊಂದು ಆ್ಯಂಟಿಬಯೋಟಿಕ್ ಎತ್ತಿ ತೋರಿಸಿ, "ಇದನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಅನ್ನನಾಳ ಹುಣ್ಣಾಗುತ್ತೆ, ಇದನ್ನು ನಿಮಗೆ ಯಾರು ಹೇಳ್ತಾರೆ?" ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಆ್ಯಂಟಿಬಯೋಟಿಕ್ ವಿಂಗಡಣೆಯಲ್ಲಿ ನಾನು ನುಂಗಿದ ಅಜಿಥ್ರೊಮೈಸಿನ್ ನಿಗಾ ಇಟ್ಟು ಬಳಸಬೇಕಾದ ಗುಂಪಿನಲ್ಲಿದೆ ಅಂತ ಗೊತ್ತಾಗಿದ್ದೂ ಅವರಿಂದಲೇ. ಎಲ್ಲವನ್ನೂ ವಾಪಸ್ ತಗೊಂಡರು.

ಬೇಕಾದಾಗ ಇವರು ಕೊಡದೇ ಇರುವುದಿಲ್ಲ. ಆಮೇಲೆ ರೂಮ್‌ಮೇಟ್‌ಗೆ ಉರಿಮೂತ್ರ ಬಂದಾಗ ಮೊದಲು ಮೂತ್ರವನ್ನು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ ತಗೊಂಡು, ಆಮೇಲೆ ಆ್ಯಂಟಿಬಯೋಟಿಕ್ ಶುರು ಮಾಡಿದರು. ಐದು ದಿನದ ಲೆಕ್ಕಕ್ಕೆ ಎಣಿಸಿ ಕೊಟ್ಟು, ಕವರ್ ಮೇಲೆ ಹೊತ್ತು ಬರೆದರು. ಡಬ್ಬಕ್ಕೆ ಹಾಕಲು ಒಂದೂ ಉಳಿಯಲಿಲ್ಲ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಸಮಯಕ್ಕೆ. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ನಮ್ಮ ಲ್ಯಾಬ್ ಮುಗಿಯುವುದೇ ಐದಕ್ಕೆ. ರಾತ್ರಿ ಜ್ವರ ಬಂದವರು ಪಕ್ಕದ ರೂಮಿನ ಮಾತ್ರೆ ಕೇಳದೆ ಇನ್ನೇನು ಮಾಡಬೇಕು? ವಾರದಲ್ಲಿ ಎರಡು ದಿನವಾದರೂ ಎಂಟರವರೆಗೆ ತೆಗೆದಿಡಿ ಅಂತ ಅರ್ಜಿ ಬರೆದಿದ್ದೇವೆ. ಸದ್ಯಕ್ಕೆ ಹೋಗುವವರು ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೋಗಿ, ಕಾಯುವುದು ಕಡಿಮೆ. ಈಗಾಗಲೇ ಏನಾದರೂ ನುಂಗಿದ್ದರೆ ಆ ಸ್ಟ್ರಿಪ್ಪನ್ನೂ ತಗೊಂಡು ಹೋಗಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.