ಯುಪಿಎಸ್ ಕೂಗಿದಾಗ ಡಾಕರ್ ಸ್ಟಾಪ್: 10 ಸೆಕೆಂಡ್ ಸಾಕೇ?

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಡಿಕೆ ಮಂಡಿಯ ಲೆಕ್ಕವೋ ಹೋಂಸ್ಟೇ ಬುಕಿಂಗೋ ಡಾಕರ್ ಕಂಟೈನರ್‌ನಲ್ಲಿ (ಆ್ಯಪನ್ನು ಅದಕ್ಕೆ ಬೇಕಾದ ಸಾಮಗ್ರಿ ಸಮೇತ ಬೇರೆಯಾಗಿ ಓಡಿಸುವ ಡಬ್ಬಿ) ಓಡುತ್ತಿದ್ದರೆ, ಯುಪಿಎಸ್ ಕೂಗಿದ ಕೂಡಲೇ ನೆನಪಾಗುವುದು ಟರ್ಮಿನಲ್‌ನ 'ಡಾಕರ್ ಸ್ಟಾಪ್'.

ಬಳಸುವುದು ಸಲೀಸು. 'ಡಾಕರ್ ಪಿಎಸ್' ಕೊಟ್ಟು ಓಡುತ್ತಿರುವ ಕಂಟೈನರ್ ಹೆಸರು ನೋಡಿ, ಸ್ಟಾಪ್ ಮುಂದೆ ಆ ಹೆಸರು ಹಾಕಿದರೆ ಮುಗಿಯಿತು. ಒಳಗಿನ ಮುಖ್ಯ ಪ್ರೋಸೆಸ್‌ಗೆ ಸಿಗ್‌ಟರ್ಮ್ ಹೋಗುತ್ತದೆ, ಅಂದರೆ 'ಬಾಗಿಲು ಹಾಕಪ್ಪ' ಎಂಬ ಸೂಚನೆ. 10 ಸೆಕೆಂಡಿನಲ್ಲಿ ಹಾಕದಿದ್ದರೆ ಸಿಗ್‌ಕಿಲ್, ಅಂದರೆ ಬಲವಂತದ ಮುಕ್ತಾಯ, ಆಮೇಲೆ ಮಾತಿಲ್ಲ. 'ಡಾಕರ್ ಕಿಲ್' ಮೊದಲಿಗೇ ಕತ್ತು ಹಿಸುಕುತ್ತದೆ. ಡೇಟಾಬೇಸ್ ಇರುವ ಕಡೆ ಅದರ ಸಹವಾಸ ಬೇಡ.

ಪ್ರತಿ ಸಲವೂ ನಿಲ್ಲಲು ಸರಿಯಾಗಿ 10 ಸೆಕೆಂಡ್ ಹಿಡಿಯುತ್ತಿದ್ದರೆ ಅನುಮಾನ ಪಡಿ: ಸೂಚನೆ ಆ್ಯಪ್‌ಗೆ ಮುಟ್ಟುತ್ತಿಲ್ಲ. 'ಡಾಕರ್ ಪಿಎಸ್ ಹೈಫನ್ ಎ' ಕೊಟ್ಟಾಗ (ನಿಂತ ಕಂಟೈನರ್‌ಗಳೂ ಕಾಣುತ್ತವೆ) ನಿರ್ಗಮನ ಸಂಖ್ಯೆ 137 ಕಂಡರೆ ಸಿಗ್‌ಕಿಲ್ ಬಿದ್ದಿದೆ ಎಂದರ್ಥ (ಮೆಮೊರಿ ಸಾಲದೆ ಸತ್ತರೂ ಇದೇ ಸಂಖ್ಯೆ). 0 ಅಥವಾ 143 ಇದ್ದರೆ ನೆಮ್ಮದಿ. ತಪ್ಪು ಹೆಚ್ಚಾಗಿ ಡಾಕರ್‌ಫೈಲ್‌ನ (ಕಂಟೈನರ್ ಕಟ್ಟುವ ಸೂಚನೆಗಳ ಕಡತ) ಸಿಎಂಡಿ ಸಾಲಿನಲ್ಲಿರುತ್ತದೆ, ಯಾವ ಕಮಾಂಡ್ ಓಡಬೇಕೆಂದು ಹೇಳುವ ಸಾಲದು. ಕಮಾಂಡನ್ನು ಹಾಗೇ ಬರೆದರೆ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಪಿಐಡಿ 1, ಅಂದರೆ ಮೊದಲ ಪ್ರೋಸೆಸ್ ಆಗಿ ಕೂತು, ಬಂದ ಸಿಗ್ನಲನ್ನು ಆ್ಯಪ್‌ಗೆ ದಾಟಿಸುವುದಿಲ್ಲ. ಚೌಕ ಆವರಣದಲ್ಲಿ, ಒಂದೊಂದು ಪದಕ್ಕೂ ಡಬಲ್ ಕೋಟ್ ಹಾಕಿ ಬರೆಯಿರಿ. ಎಂಟ್ರಿಪಾಯಿಂಟ್ ಸ್ಕ್ರಿಪ್ಟ್ (ಕಂಟೈನರ್ ಶುರುವಾದಾಗ ಓಡುವುದು) ಇದ್ದರೆ ಕೊನೆಯ ಸಾಲಿನಲ್ಲಿ ಆ್ಯಪ್ ಹೆಸರಿಗಿಂತ ಮೊದಲು 'ಎಕ್ಸೆಕ್' ಇರಲಿ, ಆಗ ಶೆಲ್ ಜಾಗಕ್ಕೆ ಆ್ಯಪೇ ಬರುತ್ತದೆ. ಆ್ಯಪ್‌ಗೇ ಸಿಗ್ನಲ್ ಹಿಡಿಯಲು ಬಾರದಿದ್ದರೆ, 'ಡಾಕರ್ ರನ್' ಕೊಡುವಾಗ 'ಇನಿಟ್' ಆಯ್ಕೆ ಸೇರಿಸಿ, ಸಿಗ್ನಲ್ ದಾಟಿಸುವ ಪುಟ್ಟ ಪ್ರೋಗ್ರಾಂ ಪಿಐಡಿ 1 ಆಗುತ್ತದೆ.

ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗೆ 10 ಸೆಕೆಂಡ್ ಜಿಪುಣತನವೇ ಸರಿ. ಸ್ಟಾಪ್ ಜೊತೆ 'ಹೈಫನ್ ಟಿ 90' ಕೊಡಿ, 90 ಸೆಕೆಂಡ್ ಕಾಯುತ್ತದೆ. ಕೆಲಸ ಬೇಗ ಮುಗಿದರೆ ಅದು ಕಾಯದೆ ನಿಲ್ಲುತ್ತದೆ, ನಷ್ಟವೇನಿಲ್ಲ.

ಹಲವು ಕಂಟೈನರನ್ನು ಒಂದೇ ಕಡತದಿಂದ ನಡೆಸುವ ಕಂಪೋಸ್ ಬಳಸುವವರಿಗೆ 'ಡಾಕರ್ ಕಂಪೋಸ್ ಸ್ಟಾಪ್' ಸಾಕು. ಆ್ಯಪ್ ಡೇಟಾಬೇಸನ್ನು ಅವಲಂಬಿಸಿದೆ ಎಂದು 'ಡಿಪೆಂಡ್ಸ್ ಆನ್' ಬರೆದಿದ್ದರೆ ಮೊದಲು ಆ್ಯಪ್, ಆಮೇಲೆ ಡೇಟಾಬೇಸ್ ನಿಲ್ಲುತ್ತದೆ. 'ಡೌನ್' ಕಂಟೈನರನ್ನೇ ಅಳಿಸುತ್ತದೆ. ಅದಕ್ಕೆ 'ಹೈಫನ್ ವಿ' ಸೇರಿತೋ, ವಾಲ್ಯೂಮ್‌ನಲ್ಲಿದ್ದ (ಕಂಟೈನರ್ ಹೊರಗೆ ಡೇಟಾ ಇಡುವ ಜಾಗ) ಲೆಕ್ಕವೂ ಹೋಯಿತು.

ನಿಜವಾಗಿ ಕಾಡುವುದು ರೀಸ್ಟಾರ್ಟ್ ಪಾಲಿಸಿ, ಅಂದರೆ ನಿಂತ ಕಂಟೈನರ್ ತಾನೇ ಮತ್ತೆ ಏಳಬೇಕೇ ಎಂಬ ನಿಯಮ. 'ಅನ್‌ಲೆಸ್ ಸ್ಟಾಪ್ಡ್' ಇಟ್ಟು ಕೈಯಾರೆ ನಿಲ್ಲಿಸಿದ ಕಂಟೈನರ್, ಕರೆಂಟ್ ಬಂದು ಮಷಿನ್ ಎದ್ದರೂ ಏಳುವುದಿಲ್ಲ. ಬೆಳಿಗ್ಗೆ ಮಂಡಿ ತೆರೆದಾಗ ಬಿಲ್ಲಿಂಗ್ ಮಲಗಿರುತ್ತದೆ. 'ಆಲ್ವೇಸ್' ಇದ್ದರೆ ತಾನೇ ಏಳುತ್ತದೆ. ಪಾಲಿಸಿ ಬದಲಿಸಲು ಕಂಟೈನರನ್ನು ಹೊಸದಾಗಿ ಕಟ್ಟಬೇಕಿಲ್ಲ, 'ಡಾಕರ್ ಅಪ್‌ಡೇಟ್' ಸಾಕು.