ಪಾರ್ಸೆಲ್ಸ್, ಜಂಗಲ್, ವಲ್ಫ್‌ಪೆಕ್, ಸಿಲ್ಕ್ ಸಾನಿಕ್: ಡಿಸ್ಕೋ–ಫಂಕ್ ಎಲ್‌ಪಿಗೆ ದುಡ್ಡು ಹಾಕುವ ಮುನ್ನ

ಹಳೇ ಡಿಸ್ಕೋ–ಫಂಕ್‌ಗೆ ಮತ್ತೆ ಜೀವ ಕೊಟ್ಟ ಈ ನಾಲ್ಕು ಬ್ಯಾಂಡ್‌ಗಳಲ್ಲಿ ಯಾರ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಳ್ಳಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಕಿವಿಯಲ್ಲಿ ಗೆದ್ದದ್ದು ಪಾರ್ಸೆಲ್ಸ್. ಅದರಲ್ಲೂ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ನುಡಿಸಿ 2020ರಲ್ಲಿ ಹೊರತಂದ ‘ಲೈವ್ ವಾಲ್ಯೂಮ್ 1’. ಕೊನೆಗೆ ಉಳಿದದ್ದು ಜಂಗಲ್. ಅವರ ಹಾಡುಗಳು ಚೆನ್ನಾಗಿಲ್ಲ ಎಂದಲ್ಲ, ನಾನು ಕೇಳುವ ರೀತಿಗೂ ಅವರು ವಾದ್ಯ, ದನಿಗಳನ್ನು ಬೆರೆಸಿ ಮಿಕ್ಸ್ ಮಾಡುವ ರೀತಿಗೂ ಜಾತಕ ಕೂಡುವುದಿಲ್ಲ. ವಲ್ಫ್‌ಪೆಕ್ ಪಾರ್ಸೆಲ್ಸ್‌ನ ಬೆನ್ನಿಗೇ ಇದೆ. ಸಿಲ್ಕ್ ಸಾನಿಕ್‌ಗೆ ಬೇರೆಯದೇ ಕಾರಣಕ್ಕೆ ಒಂದು ಜಾಗ ಇದೆ.

ಕೇಳಿದ್ದು ಹೀಗೆ: ಐದಿಂಚು ಕೋನ್‌ನ ಜೋಡಿ ಸ್ಪೀಕರ್, ರಾತ್ರಿ ಹೊತ್ತು, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಷ್ಟು ವಾಲ್ಯೂಮ್. ಈ ಕೊನೆಯ ಷರತ್ತೇ ತೀರ್ಪಿನ ಅರ್ಧ ಭಾಗ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವುದು 41 ಹರ್ಟ್ಸ್. ಇಷ್ಟು ಸಣ್ಣ ಸ್ಪೀಕರ್‌ಗಳು ಸಾಮಾನ್ಯವಾಗಿ 60ರ ಆಸುಪಾಸಿನಲ್ಲೇ ಕೈಚೆಲ್ಲುತ್ತವೆ. ಸಾಲದ್ದಕ್ಕೆ ವಾಲ್ಯೂಮ್ ಇಳಿದಷ್ಟೂ ಮನುಷ್ಯನ ಕಿವಿಯೇ ಕೆಳಸ್ವರಗಳಿಗೆ ಮಂದವಾಗುತ್ತದೆ. ಹಾಗಾಗಿ ತಗ್ಗಿದ ವಾಲ್ಯೂಮ್‌ನಲ್ಲಿ ‘ಬೇಸ್’ ಎಂದು ನಾವು ಕೇಳುವುದು ಬಹುಮಟ್ಟಿಗೆ ಅದರ 82, 123 ಹರ್ಟ್ಸ್‌ನ ಮೇಲಿನ ಅಂಶಗಳನ್ನು, ಜೊತೆಗೆ ತಂತಿಗೆ ಬೆರಳು ತಾಗುವ ಸದ್ದನ್ನು. ಯಾವ ರೆಕಾರ್ಡಿಂಗ್‌ನಲ್ಲಿ ಆ ಬೆರಳು ಕೇಳಿಸುತ್ತದೋ ಅದರಲ್ಲಿ ಗ್ರೂವ್, ಅಂದರೆ ಕುಣಿಸುವ ಲಯ, ಉಳಿಯುತ್ತದೆ. ಕೇಳಿಸದಿದ್ದರೆ ಉಳಿಯುವುದು ಹೈ-ಹ್ಯಾಟಿನ (ಡ್ರಮ್ ಸೆಟ್ಟಿನ ಜೋಡಿ ತಾಳದ) ಚಿಸ್ ಚಿಸ್ ಮಾತ್ರ.

ಹೋಲಿಸುವ ಮುಂಚೆ ಸದ್ದಿನ ಮಟ್ಟ ಸರಿಮಾಡಿಕೊಳ್ಳಿ. ಒಂದು ರೆಕಾರ್ಡಿಂಗ್ ಇನ್ನೊಂದಕ್ಕಿಂತ ಒಂದೆರಡು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ‘ಒಳ್ಳೆಯದು’ ಅನ್ನುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ನಾರ್ಮಲೈಸೇಶನ್ ಆನ್ ಇಟ್ಟರೆ ಸಾಕು, ಸ್ಪಾಟಿಫೈ ಎಲ್ಲವನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಸದ್ದಿನ ಜೋರನ್ನು ಅಳೆಯುವ ಮಾನ) ತರುತ್ತದೆ. ಎಲ್‌ಪಿ ಹಾಕುವವರು ಫೋನಿನ ಸೌಂಡ್ ಮೀಟರ್ ಆ್ಯಪನ್ನು ಕೂರುವ ಜಾಗದಲ್ಲಿಟ್ಟು, ಪ್ರತಿ ಹಾಡಿನ ಅತಿ ಗದ್ದಲದ ಅರ್ಧ ನಿಮಿಷ ಒಂದೇ ಮಟ್ಟಕ್ಕೆ ಬರುವಂತೆ ವಾಲ್ಯೂಮ್ ಗುಂಡಿ ತಿರುಗಿಸಿಕೊಳ್ಳಬೇಕು. ನಾನು 65 ಡೆಸಿಬೆಲ್‌ಗೆ ನಿಲ್ಲಿಸಿದ್ದೆ.

ಈಗ ಜಂಗಲ್ ವಿಷಯ. ಲಂಡನ್ನಿನವರು. ಜಾಶ್ ಲಾಯ್ಡ್-ವಾಟ್ಸನ್ ಮತ್ತು ಟಾಮ್ ಮ್ಯಾಕ್‌ಫರ್ಲೆಂಡ್ 2013ರಲ್ಲಿ ಶುರುಮಾಡಿದ್ದು, ಈಗ ಲಿಡಿಯಾ ಕಿಟ್ಟೋ ಕೂಡ ಇದ್ದಾರೆ. 2023ರ ‘ವಾಲ್ಕೇನೋ’ ಅವರನ್ನು ಎಲ್ಲರ ಫೋನಿಗೂ ತಲುಪಿಸಿತು. ತಾವೇ ಹಾಡಿದ್ದನ್ನು ಯಾವುದೋ ಹಳೇ ರೆಕಾರ್ಡಿನಿಂದ ಕತ್ತರಿಸಿ ತಂದ ತುಣುಕಿನಂತೆ ಕೇಳಿಸುವ ಕಲೆ ಅವರದು. ಮೊದಲ ಸಲ ಕೇಳಿದಾಗ ಯಾರಾದರೂ ಮರುಳಾಗಬೇಕು. ತೊಡಕು ಶುರುವಾಗುವುದು ಅದೇ ಎಲ್‌ಪಿಯ ಒಂದು ಬದಿ ಪೂರ್ತಿ ಮುಗಿಯುವ ಹೊತ್ತಿಗೆ.

ಆ ತೊಡಕಿನ ಹೆಸರು ಕಂಪ್ರೆಶನ್. ಇದು ಜಂಗಲ್ ಒಬ್ಬರದಲ್ಲ, ಇಂದಿನ ಡ್ಯಾನ್ಸ್ ಮಿಕ್ಸ್‌ಗಳ ಕುಲಲಕ್ಷಣ. ಅವರಲ್ಲಿ ನನಗೆ ಹೆಚ್ಚು ಕಾಡಿತು, ಅಷ್ಟೆ. ಕಂಪ್ರೆಸರ್ ಮಾಡುವ ಕೆಲಸ ಸರಳ. ಸದ್ದು ಒಂದು ಗೆರೆ ದಾಟಿದೊಡನೆ ತಲೆ ಒತ್ತುತ್ತದೆ, ಆಮೇಲೆ ನಿಧಾನಕ್ಕೆ ಕೈ ತೆಗೆಯುತ್ತದೆ. ಇಡೀ ಮಿಕ್ಸಿನ ಮೇಲೆ ಅದನ್ನು ಕೂರಿಸಿದರೆ ಅತಿ ಜೋರಿನ ವಾದ್ಯವಾದ, ಕಾಲಿನಲ್ಲಿ ಬಡಿಯುವ ಕಿಕ್ ಡ್ರಮ್ ಬಡಿದಾಗಲೆಲ್ಲ ಗಿಟಾರು, ಕೀಬೋರ್ಡು, ಹಾಡು ಎಲ್ಲವೂ ಒಟ್ಟಿಗೆ ತಗ್ಗುತ್ತವೆ. ಡಿಸ್ಕೋದಲ್ಲಿ ಕಿಕ್ ಪ್ರತಿ ಪೆಟ್ಟಿಗೂ ಬೀಳುತ್ತದೆ, ಹಾಗಾಗಿ ಈ ತಗ್ಗುವಿಕೆಯೂ ಪ್ರತಿ ಪೆಟ್ಟಿಗೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟು 500 ಮಿಲಿಸೆಕೆಂಡು. ಅದನ್ನು ತ-ಕ-ಧಿ-ಮಿ ಎಂದು ನಾಲ್ಕಾಗಿ ಒಡೆದರೆ ಒಂದೊಂದಕ್ಕೂ 125. ಕಿಕ್ ಬೀಳುವುದು ‘ತ’ ಮೇಲೆ, ಡಿಸ್ಕೋದ ಗುರುತಾದ ತೆರೆದ ಹೈ-ಹ್ಯಾಟ್ ‘ಧಿ’ ಮೇಲೆ. ಫಂಕ್ ಗಿಟಾರ್ ನಾಲ್ಕರಲ್ಲೂ ಇರುತ್ತದೆ. ಗಿಟಾರ್ ವಾದಕ ನೈಲ್ ರಾಜರ್ಸ್ ಎಪ್ಪತ್ತರ ದಶಕದ ಡಿಸ್ಕೋ ತಂಡ ಶಿಕ್‌ನಲ್ಲಿ ನುಡಿಸಿದ್ದು ಹಾಗೇ: ಬಲಗೈ ನಿಲ್ಲುವುದೇ ಇಲ್ಲ, ಎಡಗೈ ತಂತಿ ಒತ್ತಿದಾಗ ಸ್ವರ, ಸಡಿಲಿಸಿದಾಗ ಬರೀ ‘ಚಕ್’. ಕಂಪ್ರೆಸರ್ ಕೈ ತೆಗೆಯಲು 250 ಮಿಲಿಸೆಕೆಂಡು ತೆಗೆದುಕೊಂಡರೆ ಗಿಟಾರಿನ ‘ತ’ ಮುಳುಗುತ್ತದೆ, ‘ಕ’ ಅರ್ಧ ಮೇಲೇಳುತ್ತದೆ, ‘ಧಿ’, ‘ಮಿ’ ಉಬ್ಬಿ ನಿಲ್ಲುತ್ತವೆ. ಗಿಟಾರ್ ನುಡಿಸಿದವನು ಯಾವ ಅಕ್ಷರಕ್ಕೆ ಒತ್ತು ಕೊಟ್ಟಿದ್ದನೋ ಅದನ್ನು ಯಂತ್ರ ತಿದ್ದಿಬಿಟ್ಟಿತು. ಒತ್ತೆಲ್ಲ ಕೊನೆಯ ಎರಡಕ್ಕೆ ಹೋಯಿತು, ‘ಧಿ’ಯ ಮೇಲೆ ಆಗಲೇ ಹೈ-ಹ್ಯಾಟ್ ಕೂತಿದೆ.

ದೊಡ್ಡ ಸಬ್‌ವೂಫರ್ ಇರುವ ಕಡೆ ಇದು ಸೊಗಸು. ಕಿಕ್ ಎದೆಗೆ ಬಡಿಯುತ್ತದೆ, ಉಳಿದದ್ದು ಅದಕ್ಕೆ ದಾರಿ ಬಿಟ್ಟು ಸರಿದಂತೆ ಅನ್ನಿಸುತ್ತದೆ. ಸಣ್ಣ ಸ್ಪೀಕರಿನಲ್ಲಿ, ರಾತ್ರಿ ವಾಲ್ಯೂಮಿನಲ್ಲಿ, 50–60 ಹರ್ಟ್ಸ್‌ನ ಆ ಕಿಕ್ ಕೇಳಿಸುವುದೇ ಇಲ್ಲ. ಅದು ಮಾಡಿದ ತಗ್ಗು ಮಾತ್ರ ಕೇಳಿಸುತ್ತದೆ. ಹೊಡೆದವನು ಕಾಣುವುದಿಲ್ಲ, ಬಾವು ಮಾತ್ರ ಕಾಣುತ್ತದೆ. ಹಾಡು ಕಾರಣವಿಲ್ಲದೆ ಏದುಸಿರು ಬಿಟ್ಟಂತಾಗಿ ಇಪ್ಪತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ. ಇದರ ಮೇಲೆ ಪದರ ಪದರವಾಗಿ ಕೂರಿಸಿದ ಕಳ್ಳದನಿಯ (ಫಾಲ್ಸೆಟೊ) ಹಾಡುಗಾರಿಕೆ ಬೇರೆ. ಯಾರ ಗಂಟಲು ಯಾವುದು ಎಂದು ಬಿಡಿಸಿಕೊಳ್ಳಲು ಆಗುವುದಿಲ್ಲ.

ಪರಿಹಾರ ಇಲ್ಲವೆಂದಲ್ಲ. ಸ್ಪೀಕರನ್ನು ಗೋಡೆಗೆ ಒಂದು ಗೇಣಿನಷ್ಟು ಹತ್ತಿರ ತಳ್ಳಿದರೆ ಕೆಳಸ್ವರ ಕೆಲವು ಡೆಸಿಬೆಲ್ ಏರುತ್ತದೆ. ಈಕ್ವಲೈಜರ್ ಇದ್ದರೆ 80–100 ಹರ್ಟ್ಸ್ ಎರಡು ಡೆಸಿಬೆಲ್ ಏರಿಸಿ, 8–10 ಕಿಲೋಹರ್ಟ್ಸ್ ಎರಡು ಇಳಿಸಿ. ಹೈ-ಹ್ಯಾಟ್ ಸ್ವಲ್ಪ ಹಿಂದೆ ಸರಿಯುತ್ತದೆ, ಕಿಕ್‌ನ ನೆರಳಾದರೂ ಸಿಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ಇದ್ದರೆ ಇದ್ಯಾವುದೂ ಬೇಡ, ಅದರಲ್ಲಿ ಜಂಗಲ್ ಪೂರ್ತಿ ಬೇರೆ ಬ್ಯಾಂಡು. ಆದರೆ ಹೆಡ್‌ಫೋನಿಗಾಗಿ ಎಲ್‌ಪಿ ಕೊಳ್ಳುವ ಚಟ ನನಗಿಲ್ಲ.

ಪಾರ್ಸೆಲ್ಸ್‌ನಲ್ಲಿ ಈ ಗೋಳು ಇಲ್ಲ. ಆಸ್ಟ್ರೇಲಿಯಾದ ಬೈರನ್ ಬೇಯ ಐವರು ಹುಡುಗರು, ಬರ್ಲಿನ್‌ಗೆ ಹೋಗಿ ನೆಲೆ ನಿಂತವರು. 2017ರಲ್ಲಿ ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಡ್ಯಾಫ್ಟ್ ಪಂಕ್ ಜೋಡಿಯೇ ಇವರ ಒಂದು ಸಿಂಗಲ್ ಪ್ರೊಡ್ಯೂಸ್ ಮಾಡಿತು. 2018ರ ಮೊದಲ ಆಲ್ಬಂ ನುಣುಪಾಗಿದೆ, ಸ್ವಲ್ಪ ಅತಿಯಾಗಿಯೇ ನುಣುಪು. ‘ಲೈವ್ ವಾಲ್ಯೂಮ್ 1’ರಲ್ಲಿ ಅವೇ ಹಾಡುಗಳು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದಾಗ ಮೈ ತುಂಬಿಕೊಂಡಿವೆ. ಡ್ರಮ್ಮರ್‌ನ ಕೈ ಹಗುರ. ಕಿಕ್ ಗಿಡ್ಡ, ಒಣ, ಬಡಿದು ಸುಮ್ಮನಾಗುತ್ತದೆ. ಬೇಸಿನವನು ಪ್ರತಿ ಸ್ವರವನ್ನೂ ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸುತ್ತಾನೆ. ಫಂಕ್‌ನಲ್ಲಿ ಸ್ವರ ಎತ್ತುವುದಕ್ಕಿಂತ ಬಿಡುವುದು ಕಷ್ಟ. 1979ರ ಶಿಕ್ ರೆಕಾರ್ಡುಗಳಲ್ಲಿ ಬೇಸ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ ಕಲಿಸಿದ ಪಾಠವೂ ಅದೇ: ಎರಡು ಸ್ವರಗಳ ನಡುವಿನ ಖಾಲಿ ಜಾಗಕ್ಕೆ ಗಿಟಾರಿನ ‘ಚಕ್’ ಬಂದು ಕೂರಬೇಕು. ಪಾರ್ಸೆಲ್ಸ್ ಆ ಜಾಗ ಬಿಟ್ಟಿದ್ದಾರೆ. ಯಾವ ವಾದ್ಯವೂ ಇನ್ನೊಂದರ ಮೈಮೇಲೆ ಬಿದ್ದಿಲ್ಲವಾದ್ದರಿಂದ ವಾಲ್ಯೂಮ್ ಎಷ್ಟು ಇಳಿಸಿದರೂ ಚೌಕಟ್ಟು ಕುಸಿಯುವುದಿಲ್ಲ.

ಕುಂದು ಇಲ್ಲದಿಲ್ಲ. ಹಾಡುಗಾರಿಕೆ ಬಹಳ ಸಭ್ಯ. ಕೂಡಿ ಹಾಡುವ ಸೊಬಗಿದೆ, ಗಂಟಲು ಹರಿಯುವ ಕಾವಿಲ್ಲ. ಜೇಮ್ಸ್ ಬ್ರೌನ್ ಮನೆತನದ ಫಂಕ್ ಬೇಕೆನ್ನುವವರಿಗೆ ಇದು ಸಪ್ಪೆ. ಅಂಥವರು ನೇರವಾಗಿ ಶರಾನ್ ಜೋನ್ಸ್ ಮತ್ತು ಡ್ಯಾಪ್-ಕಿಂಗ್ಸ್ ಕಡೆ ಹೋಗಬೇಕು: ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ಸ್ಟುಡಿಯೋ, 8 ಟ್ರ್ಯಾಕಿನ, ಅಂದರೆ ಎಂಟು ಸದ್ದುಗಳನ್ನಷ್ಟೇ ಬೇರೆ ಬೇರೆಯಾಗಿ ಹಿಡಿಯುವ, ಟೇಪು. ಎಂಟೇ ಟ್ರ್ಯಾಕು ಎಂದರೆ ಡ್ರಮ್ಮಿಗೆ ಸಿಗುವುದು ಒಂದೋ ಎರಡೋ, ಅಂದರೆ ಕಿಕ್ ಎಷ್ಟು, ಸ್ನೇರ್ ಎಷ್ಟು ಎಂಬುದನ್ನು ಮೈಕ್ ಇಡುವಾಗಲೇ ತೀರ್ಮಾನಿಸಬೇಕು. ಆಮೇಲೆ ತಿದ್ದುವ ಅವಕಾಶ ಕಡಿಮೆ. ಆ ಧೈರ್ಯ ಸದ್ದಿನಲ್ಲಿ ಕೇಳಿಸುತ್ತದೆ. 2016ರಲ್ಲಿ ಶರಾನ್ ತೀರಿಕೊಂಡರು, ಆ ದನಿಗೆ ಬದಲಿ ಇಲ್ಲ. ಆದರೆ ಇದು ಅರವತ್ತರ ದಶಕದ ಸೋಲ್–ಫಂಕ್, ಡಿಸ್ಕೋ ಅಲ್ಲ, ಆದ್ದರಿಂದ ಈ ಪಂದ್ಯದಿಂದ ಹೊರಗಿಟ್ಟೆ.

ವಲ್ಫ್‌ಪೆಕ್ ಮಿಚಿಗನ್ ವಿಶ್ವವಿದ್ಯಾಲಯದ ಗೆಳೆಯರು 2011ರಲ್ಲಿ ಕಟ್ಟಿದ ತಂಡ. ವಿಚಿತ್ರವೆಂದರೆ ಕಂಪ್ರೆಶನ್ ಇವರಲ್ಲಿ ಎಲ್ಲರಿಗಿಂತ ಢಾಳಾಗಿದೆ. ರೋಲ್ಯಾಂಡ್‌ನವರ ಎಸ್‌ಪಿ-303 ಸ್ಯಾಂಪ್ಲರಿನ ಒಂದು ಎಫೆಕ್ಟನ್ನು ಮಾದರಿಯಾಗಿಟ್ಟುಕೊಂಡು ಗುಡ್‌ಹರ್ಟ್ಜ್ ಎಂಬ ಸಂಸ್ಥೆ ತಯಾರಿಸಿದ ಪ್ಲಗಿನ್ನಿಗೆ (ಸದ್ದು ತಿದ್ದುವ ಸಾಫ್ಟ್‌ವೇರಿಗೆ) ಇವರ ಹೆಸರೇ ಇದೆ, ವಲ್ಫ್ ಕಂಪ್ರೆಸರ್ ಎಂದು. ಹಾಗಿದ್ದೂ ಕಿವಿ ಏಕೆ ದಣಿಯುವುದಿಲ್ಲ? ಬಹಳ ಹಾಡುಗಳಲ್ಲಿ ಕಿಕ್ ಪ್ರತಿ ಪೆಟ್ಟಿಗೂ ಬೀಳುವುದಿಲ್ಲ. ಸಮದ ಮೇಲೊಂದು, ಆಮೇಲೆ ಎಲ್ಲೋ ‘ಮಿ’ಯ ಮೇಲೊಂದು. ತಗ್ಗು ಬೀಳುವ ಜಾಗ ಬದಲಾಗುತ್ತಿರುವುದರಿಂದ ಅದು ನುಡಿಸುವವರ ಉಸಿರಾಟದಂತೆ ಕೇಳಿಸುತ್ತದೆ, ಯಂತ್ರದ ಉಬ್ಬಸದಂತೆ ಅಲ್ಲ. ಜೊತೆಗೆ ಜೋ ಡಾರ್ಟ್‌ನ ಬೇಸ್ ಇದೆಯಲ್ಲ! ಮ್ಯೂಸಿಕ್ ಮ್ಯಾನ್ ಕಂಪನಿ ಆತನ ಹೆಸರಿನಲ್ಲಿ ಮಾಡಿದ ಮೊದಲ ಬೇಸಿನಲ್ಲಿ ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಒಂದೇ ವಾಲ್ಯೂಮ್ ಗುಂಡಿ, ಟೋನ್ ಗುಂಡಿ ಇಲ್ಲವೇ ಇಲ್ಲ. ಸದ್ದಿನ ಬಣ್ಣವೆಲ್ಲ ಬೆರಳಿನದು. ಫೋನಿನ ಸ್ಪೀಕರಿನಲ್ಲೂ ಬೇಸ್ ಸಾಲು ಹಿಂಬಾಲಿಸಬಹುದಾದ ಬ್ಯಾಂಡ್ ನನಗೆ ಗೊತ್ತಿರುವಂತೆ ಇದೊಂದೇ.

ಬೇಸ್ ಕಲಿಯುವವರು ಮೊದಲು ಇವರನ್ನೇ ಹಿಡಿಯಿರಿ. ನಾನು ಇವರನ್ನು ಎರಡನೇ ಸ್ಥಾನಕ್ಕೆ ಇಳಿಸಿದ್ದು ಡಿಸ್ಕೋದ ಮೈಮರೆಸುವ ಓಟ ಇಲ್ಲಿ ಕಡಿಮೆ ಎಂಬ ಕಾರಣಕ್ಕೆ. ಚೇಷ್ಟೆ ಜಾಸ್ತಿ. (2014ರಲ್ಲಿ ಹತ್ತು ಹಾಡಿನ ಪೂರ್ತಿ ನಿಶ್ಶಬ್ದ ಆಲ್ಬಮನ್ನು ಸ್ಪಾಟಿಫೈಗೆ ಹಾಕಿ, ಅಭಿಮಾನಿಗಳು ಮಲಗಿದಾಗ ಅದನ್ನು ಓಡಿಸುವಂತೆ ಮಾಡಿ, ಬಂದ ದುಡ್ಡಿನಲ್ಲಿ ಪುಕ್ಕಟೆ ಪ್ರವಾಸ ಹೊರಟ ಮಂದಿ ಇವರು.) ಇನ್ನೊಂದು, 2019ರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಛೇರಿಯನ್ನು ಪೂರ್ತಿಯಾಗಿ ಯೂಟ್ಯೂಬಿನಲ್ಲೇ ಬಿಟ್ಟಿದ್ದಾರೆ. ಬಿಟ್ಟಿ ಸಿಗುವಾಗ ತಟ್ಟೆಗೆ ದುಡ್ಡು ಹಾಕಲು ಮನಸ್ಸು ಬರುವುದಿಲ್ಲ.

ಬ್ರೂನೋ ಮಾರ್ಸ್–ಆ್ಯಂಡರ್ಸನ್ ಪಾಕ್ ಜೋಡಿಯಾದ ಸಿಲ್ಕ್ ಸಾನಿಕ್‌ನ 2021ರ ಆಲ್ಬಂ ಬಗ್ಗೆ ಹಾಡಿನ ಗುಣಕ್ಕಿಂತ ಅಳತೆಯ ಮಾತು ಆಡಬೇಕು. 9 ಹಾಡು, ಸುಮಾರು 31 ನಿಮಿಷ. ತಟ್ಟೆಯ ಮೇಲೆ ಬೇಸ್ ಜಾಸ್ತಿಯಾದಷ್ಟೂ ಗೀರು ಅಗಲವಾಗುತ್ತದೆ, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷ ದಾಟಿದರೆ ಬೇಸನ್ನೋ ಒಟ್ಟು ಸದ್ದನ್ನೋ ಕತ್ತರಿಸಬೇಕಾಗುತ್ತದೆ. ಹನ್ನೆರಡು ಇಂಚಿನ ಸಿಂಗಲ್ ಹುಟ್ಟಿದ್ದೇ ಇದರಿಂದ. ಎಪ್ಪತ್ತರ ದಶಕದಲ್ಲಿ ಏಳಿಂಚಿನ ಖಾಲಿ ತಟ್ಟೆ ಮುಗಿದುಹೋಗಿ ಡಿಸ್ಕೋ ಹಾಡುಗಳನ್ನು ಮಿಕ್ಸ್ ಮಾಡುತ್ತಿದ್ದ ಟಾಮ್ ಮೋಲ್ಟನ್ ದೊಡ್ಡ ತಟ್ಟೆಯಲ್ಲಿ ಹಾಡು ಕೊರೆಸಿದಾಗ, ಗೀರು ಹರಡಲು ಜಾಗ ಸಿಕ್ಕಿ ಸದ್ದು ಎಲ್ಲಿಗೋ ಹೋಯಿತು. 31 ನಿಮಿಷವನ್ನು ಎರಡು ಬದಿಗೆ ಹಂಚಿದರೆ ಬದಿಗೆ ಹದಿನೈದು ಚಿಲ್ಲರೆ, ಹೇಳಿ ಮಾಡಿಸಿದ ಹಾಗೆ. ತಟ್ಟೆಯ ಒಳಸುತ್ತಿನ ಕಾಟವೂ ಕಡಿಮೆ: ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹಾಯುತ್ತದೆ, ಲೇಬಲ್ ಹತ್ತಿರ ಬಂದಾಗ 21ಕ್ಕೆ ಇಳಿದಿರುತ್ತದೆ. ಹೈ-ಹ್ಯಾಟ್ ಅಲ್ಲಿ ‘ಸ್ಸ್’ ಎಂದು ಸೀಯತೊಡಗುತ್ತದೆ. ಚಿಕ್ಕ ಬದಿಗೆ ಅಷ್ಟು ಒಳಗೆ ಹೋಗುವ ಅಗತ್ಯ ಇಲ್ಲ. ಹಾಡುಗಳು? ಮಾರ್ಸ್, ಪಾಕ್ ಇಬ್ಬರೂ ಪಳಗಿದವರು, ನಿರೂಪಣೆಗೆ ಹಳೇ ಫಂಕ್‌ನ ಬೇಸ್ ವಾದಕ ಸಾಕ್ಷಾತ್ ಬೂಟ್ಸಿ ಕಾಲಿನ್ಸ್. ವೇಷ ಬಹಳ ಚೆನ್ನಾಗಿದೆ. ಮೂರನೇ ಸಲಕ್ಕೆ ವೇಷ ಎಂಬುದು ನೆನಪಾಗುತ್ತದೆ.

ಈ ನಾಲ್ಕರ ಆಚೆ, ಪ್ಯಾರಿಸ್ಸಿನ ಲೆಂಪೆರಾತ್ರಿಸ್ ತಂಡದ 2018ರ ‘ಮಾತಾಹಾರಿ’ ಕೇಳಲೇಬೇಕಾದ್ದು. ಹಾಡುತ್ತಿದ್ದ ಫ್ಲೋರ್ ಬೆಂಗುಯಿಗಿ 2024ರಲ್ಲಿ ತಂಡ ಬಿಟ್ಟರು. ಮಾಂಟ್ರಿಯಲ್‌ನ ಕ್ರೋಮಿಯೋ ಎಂಬತ್ತರ ದಶಕದ ಸಿಂಥ್ ಬೇಸ್, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ಹಾಡುವ ಟಾಕ್‌ಬಾಕ್ಸ್ ಮೆಚ್ಚುವವರಿಗೆ. ಡ್ಯಾಫ್ಟ್ ಪಂಕ್‌ನ 2013ರ ಆಲ್ಬಂ ಅನೇಕರ ಪಟ್ಟಿಯಲ್ಲಿ ಮೊದಲು ಬರುತ್ತದೆ, ಆದರೆ ಅದರ ಮೂರು ಹಾಡುಗಳಲ್ಲಿ ಗಿಟಾರ್ ಹಿಡಿದವರು ಸ್ವತಃ ನೈಲ್ ರಾಜರ್ಸ್. ಮೂಲದವರನ್ನೇ ಕರೆಸಿ ನುಡಿಸಿದ್ದನ್ನು ಪುನರುಜ್ಜೀವನ ಎಂದು ಹೇಗೆ ಕರೆಯುವುದು?

ಒಂದೇ ತಟ್ಟೆಗೆ ದುಡ್ಡಿದ್ದರೆ ‘ಲೈವ್ ವಾಲ್ಯೂಮ್ 1’. ಎರಡಕ್ಕಿದ್ದರೆ ಎರಡನೆಯದು ಸಿಲ್ಕ್ ಸಾನಿಕ್, ಏಕೆಂದರೆ ವಲ್ಫ್‌ಪೆಕ್ ಯೂಟ್ಯೂಬಿನಲ್ಲಿದೆ. ಪಾರ್ಸೆಲ್ಸ್‌ನ 2021ರ ‘ಡೇ/ನೈಟ್’ ಜೋಡಿ ಆಲ್ಬಮನ್ನು ಕೊಳ್ಳುವ ಮೊದಲು ಒಂದು ಸಲ ಪೂರ್ತಿ ಸ್ಟ್ರೀಮ್ ಮಾಡಿ ನೋಡಿ. ಉದ್ದ ಜಾಸ್ತಿ, ಕುಣಿಸುವುದು ಕಡಿಮೆ. ಜಂಗಲ್‌ಗೆ ಸ್ಟ್ರೀಮಿಂಗ್ ಸಾಕು. ಮನೆಯಲ್ಲಿ ಎಂಟಿಂಚಿನ ಸ್ಪೀಕರು ಅಥವಾ ಸಬ್‌ವೂಫರ್ ಇದ್ದು, ವಾಲ್ಯೂಮ್ ಏರಿಸಿದರೆ ಯಾರೂ ಬಾಗಿಲು ಬಡಿಯುವುದಿಲ್ಲ ಎಂದಾದರೆ ಈ ಪಟ್ಟಿಯನ್ನು ತಲೆಕೆಳಗು ಮಾಡಿ ಓದಿ.